ಮೊಂಟಾನಾಕ್ಕೆ ಎರಡು ದಿನ ತಡ

ಅಮೆರಿಕದ ಎಲ್ಕ್‌ಹಾರ್ಟ್‌ನ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಕಾಫಿ ಬಗ್ಗಿಸುತ್ತಿದ್ದ ಲೋರ್ನಾಳ ಕಿವಿಗೆ ಸಾಲಿನಲ್ಲಿದ್ದ ಇಬ್ಬರ ಮಾತು ಬಿತ್ತು. ಒಬ್ಬಳು ವೆಲ್ಡಾ. ಹಳೆಯ ಲಾರಿಯೊಂದನ್ನು ತನಗೆ ಬೇಕಾದಂತೆ ಕಟ್ಟಿಸಿಕೊಂಡು, ಇಲ್ಲಿನ ಕಾರ್ಖಾನೆಯ, ಚಕ್ರದ ಮೇಲಿನ ಮನೆಯಂಥ ಪ್ರವಾಸಿ ಟ್ರೇಲರುಗಳನ್ನು ಡೀಲರುಗಳಿಗೆ ಎಳೆದೊಯ್ಯುವವಳು. ಇನ್ನೊಬ್ಬ, ಅವಳಿಗೆ ಲೋಡು ಕೊಡುವ ಡೆಲ್ಬರ್ಟ್.

"ಮೊಂಟಾನಾಕ್ಕೆ ಎರಡು ದಿನ ತಡ. ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕು ಅಂದಿದ್ದ ಅಲ್ಲಿನ ಡೀಲರ್," ಎಂದ ಡೆಲ್ಬರ್ಟ್.

"ದಾರೀಲಿ ವಯೋಮಿಂಗ್‌ನಲ್ಲಿ ಬಿರುಗಾಳಿ ಎದ್ದಿತ್ತು. ನಿಲ್ಸಿ ಮಲ್ಕೊಂಡೆ."

"ಬೇರೆಯವ್ರು ಹೋದ್ರಲ್ಲ?"

"ಹೋದ್ರು. ಅವ್ರ ಮೂರು ಟ್ರೇಲರ್ ಹೊಲದಲ್ಲಿ ಮಗುಚಿ ಬಿದ್ದಿದ್ವು. ನೋಡ್ಕೊಂಡೇ ಹೋದೆ."

"ನಿಂದು?"

"ಡೀಲರ್ ಅದ್ರ ಸುತ್ತ ಬಂದು ಕೈಯಾಡಿಸಿ ನೋಡ್ದ. ಒಂದು ಗೀರೂ ಸಿಗ್ಲಿಲ್ಲ ಅವ್ನಿಗೆ."

"ಗೊತ್ತು. ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ದ. ಈ ವರ್ಷದ ಟ್ರೇಲರೆಲ್ಲ ನೀನೇ ತರ್ಬೇಕಂತೆ."

"ಎಷ್ಟು?"

"ನಲವತ್ತು."

ವೆಲ್ಡಾ ಕಿಟಕಿಯಾಚೆ ನಿಂತಿದ್ದ ತನ್ನ ಲಾರಿಯತ್ತ ನೋಡಿದಳು.

"ನನ್ನ ಲಾರೀನ ಗುಜರಿ ಅಂದಿದ್ದೆ ನೀನು."

"ಅಂದಿದ್ದೆ. ಇವತ್ತಿನ ಕಾಫಿ ನಂದು."

"ಹಾಗಾದ್ರೆ ದೊಡ್ಡ ಲೋಟ ಕೊಡಮ್ಮ ಲೋರ್ನಾ. ಇನ್ನೊಂದು ಲಾರಿ ಕಟ್ಟಿಸ್ಬೇಕು ನಾನು."

ಲೋಟ ಹಿಡಿದು ಇಬ್ಬರೂ ಬಾಗಿಲಿನತ್ತ ನಡೆದರು.

"ಅದನ್ನ ಓಡ್ಸೋರು ಯಾರು?"

"ನಿಲ್ಸೋಕೆ ಗೊತ್ತಿರೋರು ಯಾರಾದ್ರೂ ಸಿಗ್ತಾರೆ," ಎಂದು ವೆಲ್ಡಾ ನಗುತ್ತ ಬಾಗಿಲು ತಳ್ಳಿದಳು.