ಮಹಡಿಯ ಮೇಲೊಂದು ಒಲೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಂದು ಸನ್ಮಾನ ಸ್ವೀಕರಿಸಿದ ಮಂಜುಶ್ರೀ ಅವರೇ, ಊಟದ ವಾಸನೆ ಬರುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ನಾನು ಬಾಗಲಗುಂಟೆಯ ವೆಂಕಟರಮಣಪ್ಪ. ಕಂಪನಿ ಬಾಡಿಗೆಗಿರುವ ಈ ಪೀಣ್ಯದ ಶೆಡ್ಡು ನನ್ನದು ಎಂಬ ಒಂದೇ ಯೋಗ್ಯತೆಗೆ ನನ್ನನ್ನು ಮುಖ್ಯ ಅತಿಥಿ ಮಾಡಿದ್ದಾರೆ. ಹಿಂದೆ ಇಲ್ಲಿ ನಾವು ರಾಗಿ ಬೆಳೆಯುತ್ತಿದ್ದೆವು. ಈಗ ಪೊಟ್ಟಣಕ್ಕೆ ರಾಗಿಹಿಟ್ಟು ತುಂಬುವ ಯಂತ್ರ ತಯಾರಾಗುತ್ತದೆ. ರಾಗಿ ಮಾತ್ರ ನನ್ನನ್ನು ಬಿಡಲಿಲ್ಲ!

ಇಲ್ಲಿಯ ಎಂಜಿನಿಯರ್ ಮಂಜುಶ್ರೀ ಮಾಡಿದ್ದೇನು? ಯಂತ್ರಕ್ಕೆ ನಾಲ್ಕು ಬಾಯಿ. ನಾಲ್ಕನ್ನೂ ನಡೆಸುವುದು ಕಂಪ್ಯೂಟರಿನ ಸಿ ಭಾಷೆಯಲ್ಲಿ ಬರೆದ ಒಂದೇ ಪ್ರೋಗ್ರಾಂ. ಒಂದೊಂದು ಬಾಯಿಗೆ ಒಂದೊಂದು ಥ್ರೆಡ್. ಅಂದರೆ ಒಟ್ಟೊಟ್ಟಿಗೆ ದುಡಿಯುವ ಆಳುಗಳು ಎಂದಿಟ್ಟುಕೊಳ್ಳಿ. ತೂಕ ಬರೆದುಕೊಳ್ಳಲು ನಾಲ್ವರಿಗೂ ಒಂದೇ ಹಲಗೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸಿ ತನ್ನದು ಬರೆದ. ಮೊದಲ ಬಾಯಿಯ ಪೊಟ್ಟಣಕ್ಕೆ ಮೂರನೆಯದರ ತೂಕ! ಅರ್ಧ ತುಂಬಿದ್ದು ಪೂರ್ತಿ ತುಂಬಿದೆ ಎಂದು ಹೊರಟೇಬಿಟ್ಟಿತು.

ಶೆಡ್ಡಿಗೆ ಬಂದಿದ್ದ ನಾನು ಹೇಳಿದೆ, "ಅಲ್ಲಮ್ಮಾ, ಒಂದು ಬೀಗ ಹಾಕು. ಒಬ್ಬನದು ಆದ್ಮೇಲೆ ಇನ್ನೊಬ್ಬ ಬರ್ಕೊಳ್ಳಲಿ."

"ಹಾಕ್ಬಹುದು ತಾತ. ಆದ್ರೆ ಒಬ್ಬ ಬರೀವಾಗ ಮೂರು ಜನ ಸುಮ್ನೆ ಕಾಯ್ಬೇಕು. ಅವನು ಈಚೆ ಬಂದ ತಕ್ಷಣ ಇನ್ನೊಬ್ಬ ಹೋಗಿ ಅಳಿಸ್ತಾನಲ್ಲ? ಹಲಗೆಗೆ ಹೆಸರು ಒಂದೇ ಇರ್ಲಿ. ಆ ಹೆಸರಲ್ಲಿ ಯಾರು ಕೇಳಿದ್ರೂ ಅವರವರ ಹಲಗೆನೇ ಕೈಗೆ ಬರೋ ಹಂಗೆ ಮಾಡಿದೀನಿ. ಕೆಲಸ ಮುಗಿಸಿ ಹೋಗುವಾಗ ತಮ್ಮ ಹಲಗೆ ತಾವೇ ತೆಗೆದು ಜಾಗ ಬಿಡ್ಬೇಕು, ಅಷ್ಟೆ" ಎಂದಳು. ಮೊಮ್ಮಗಳಂಥವಳು, ಏಕವಚನ ಬಂದುಬಿಡುತ್ತದೆ, ಕ್ಷಮಿಸಿ.

ಸಭಿಕರೇ, ಅವತ್ತು ನನಗೆ ಊಟ ಸೇರಲಿಲ್ಲ. ಯಾಕೆ ಗೊತ್ತೆ? ನಮ್ಮ ಮನೆಯಲ್ಲಿ ಇಬ್ಬರು ಸೊಸೆಯರು, ಒಂದೇ ಒಲೆ. ಒಬ್ಬಳು ಉಪ್ಪು ಹಾಕಿಹೋದ ಸಾರಿಗೆ ಇನ್ನೊಬ್ಬಳೂ ಹಾಕುವಳು. "ಸರದಿ ಮಾಡ್ಕೊಳ್ಳಿ" ಎಂದು ಬೀಗ ಜಡಿದವನು ನಾನೇ. ದೊಡ್ಡ ಸೊಸೆ ಶ್ಯಾಮಲಾ ಇಲ್ಲೇ ಪ್ಯಾಕಿಂಗ್ ವಿಭಾಗದಲ್ಲಿದ್ದಾಳೆ. ಸರದಿ ಬರುವಷ್ಟರಲ್ಲಿ ಶಿಫ್ಟಿಗೆ ಹೊತ್ತಾಗಿ, ಖಾಲಿ ಹೊಟ್ಟೆಯಲ್ಲೇ ಓಡಿಬರುತ್ತಾಳೆ. "ಮಹಡಿ ಮೇಲೆ ನಂದೊಂದು ಒಲೆ ಇಟ್ಕೋತೀನಿ ಮಾವ" ಎಂದಳು. ಒಲೆ ಎರಡಾದರೆ ಮನೆ ಎರಡಾದಂತೆ ಎಂದು ಗದರಿದೆ. ಈಗ ಗಂಡ ಹೆಂಡತಿ ರಾಜಗೋಪಾಲನಗರದಲ್ಲಿ ಬಾಡಿಗೆ ಮನೆ ನೋಡಿಬಂದಿದ್ದಾರೆ. ಊರಿಗೆಲ್ಲ ಜಾಗ ಬಾಡಿಗೆಗೆ ಕೊಡುವವನ ಮಗ, ಬಾಡಿಗೆ ಮನೆಗೆ!

ನಗಬೇಡಿ. ನಿಜ ಹೇಳಲೇ? ಆ ಒಲೆ ನನ್ನ ಹೆಂಡತಿ ಲಕ್ಷ್ಮಮ್ಮನದು. ಅವಳು ಹೋದ ಮೇಲೂ, ಅದರ ಮುಂದೆ ಯಾರಾದರೂ ನಿಂತಿದ್ದರೆ ಬೆನ್ನು ನೋಡಿ ಅವಳೇ ಅಂದುಕೊಳ್ಳುತ್ತೇನೆ. ಇನ್ನೊಂದು ಒಲೆ ಹೊತ್ತಿದರೆ ಅವಳದು ಆರಿಹೋದೀತೆಂಬ ಭಯ ನನಗೆ. ಇದನ್ನೆಲ್ಲ ಹೇಳಬೇಕೆಂದು ನಾನು ಇಲ್ಲಿಗೆ ಬಂದವನಲ್ಲ.

ಬಂದದ್ದು ಮಂಜುಶ್ರೀಗೆ ಶುಭ ಹಾರೈಸಲು. ಒಳ್ಳೆಯದಾಗಲಿ ಮಗಳೇ. ಕರೆದು ಶಾಲು ಹೊದಿಸಿದ ನಿಮಗೆಲ್ಲ ಧನ್ಯವಾದ.

ಶ್ಯಾಮಲಾ, ಕೊನೆಯ ಸಾಲಿನಲ್ಲಿ ಬಗ್ಗಿಸಿದ ತಲೆ ಎತ್ತಮ್ಮ. ಶುಕ್ರವಾರ ಮಹಡಿಯ ಮೇಲೆ ಹಾಲು ಉಕ್ಕಿಸು. ಗೇಟಿನ ಮೇಲಿನ ಹೆಸರು ಒಂದೇ ಇರಲಿ. ಮೊದಲ ಲೋಟ ಕಾಫಿಗೆ ನಾನೇ ಮೆಟ್ಟಿಲು ಹತ್ತಿ ಬರುತ್ತೇನೆ. ಮಂಡಿ ನೋವು, ತಡವಾದೀತು. ಕಾಫಿ ಆರಲು ಬಿಡಬೇಡ.

ಎಲ್ಲರಿಗೂ ನಮಸ್ಕಾರ.