ಕರ್ನಲ್ಲಿಗೆ ಕೇಳದೇ ಅಂದ ಹೂಂ

ಸವದತ್ತಿ ಬಸ್‌ಸ್ಟ್ಯಾಂಡಿನ ಕಟ್ಟಿ ಮ್ಯಾಲೆ ಎಲಿ ಅಡಿಕಿ ಮೆಲ್ಲಾಕ ಹತ್ತಿದ್ದ ತಂಗೆವ್ವಗ ಬಾಜೂಕ ಕುಂತಿದ್ದ ಇಬ್ಬರ ಜಗಳ ಅರ್ಧಾ ತಿಳೀಲಿಲ್ಲ. ಆದರ ಶೀತಲ ಅನ್ನೋ ಹುಡುಗಿಯ ಮಾರಿ ಮ್ಯಾಲಿನ ಸಿಟ್ಟು ಪೂರಾ ತಿಳೀತು.

"ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ಹೇಳೂ ಡಬ್ಬಿ ಅದು, ಸಾಜಿದ್. ಮಕ್ಕಳು ಕಿವಿ ನಿಗರಿಸಿ ಕುಂತಾರ, ಡಬ್ಬಿ ಮೂಕ. ದನಿ ಹೊರಡಸಾಕ ನೀ ಬರದ ಕೋಡ್, ಆ ಆಡಿಯೊ ಲೈಬ್ರರಿ ಮಾತ್ರ 'ಹೂಂ, ದನಿ ಹೊಂಟೈತಿ' ಅಂತೈತಿ."

"ಡಬ್ಬಿ ನಡಸೂ ಮೂಲ ಸಾಫ್ಟ್‌ವೇರ್, ಆ ಕರ್ನಲ್, ಹೊಸಾದು. ವರ್ಷನ್ ನಂಬರ್ ನೋಡೇ ಹೂಂ ಅನ್ನೂಹಂಗ ಬರದೇನಿ."

"ನಂಬರ್ ಹೊಸದಿದ್ರ ದನಿ ಹೊರಡಸೂ ಸವಲತ್ತು ಅದರಾಗ ಇದ್ದ ಇರತೈತೇನು? ಡಬ್ಬಿ ಮಾಡಿದವರು ಅದನ್ನ ತಗದು ಹಾಕ್ಯಾರ. 'ನಿನ್ನ ಕಡೆ ಐತೇನಪಾ' ಅಂತ ಕರ್ನಲ್ಲಿಗೇ ಕೇಳೂ ಫಂಕ್ಷನ್ ಒಂದು ಕೋಡಿನ್ಯಾಗ ಇಡಾಕ ನಿನಗೇನು ದಾಡಿ?"

"ನಂಬರ್ ಕಣ್ಣಮುಂದ ಇರೂ ಮುಂದ ಯಾಕ ಕೇಳಬೇಕು?"

"ನಿನ್ನ ಲೈಬ್ರರಿ ಖರೇನ 'ಇಲ್ಲ' ಅಂದಿದ್ರ ನಾನು ದನಿ ಹೊರಡಸಾಕ ಬ್ಯಾರೆ ದಾರಿ ಹಿಡೀತಿದ್ದೆ. ಥೂ, ಸುಳ್ಳ ಹೂಂ!"

ಅಷ್ಟರಾಗ ಮನೋಳಿ ಬೋರ್ಡಿನ ಬಸ್ಸು ಬಂತು. ಸಾಜಿದ್ ಚೀಲ ಹೆಗಲಿಗೇರಿಸಿ ಬಾಗಲಕ್ಕ ಓಡಿದ.

"ಕಂಡಕ್ಟರ್ ಸಾಹೇಬ್ರ, ಮನೋಳಿಗೆ ಹೋಗತೈತೇನ್ರಿ?"

"ಬೋರ್ಡ್ ಕಣ್ಣಮುಂದ ಐತೆಲ್ಲ," ಹಿಂದ ನಿಂತ ಶೀತಲ ಅಂದಳು, "ಮತ್ತ ಯಾಕ ಕೇಳ್ತಿ?"

ಸಾಜಿದ್ ಹೊಳ್ಳಿ ನೋಡದೇ ಬಸ್ಸು ಹತ್ತಿದ. ಅವನ ಕಿವಿ ಕೆಂಪಗಾದದ್ದು ತಂಗೆವ್ವಗ ಕಟ್ಟಿ ಮ್ಯಾಲಿಂದನ ಕಾಣಿಸ್ತು.