ಮೂರು ಸಲ ಆರಿಸಿದ ಕೂಗು

ಎಲ್ಲರೂ ಒಣಗುಕೋಣೆ ಅಕ್ಕ ಎಂದು ಕರೆಯುವ ನಾನು, ವಯಸ್ಸು ಐವತ್ತು, ಓದು ಊರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ, ಕೆಲಸ ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಟ್ಟೆ ಒಣಗಿಸುವುದು, ವಾಸ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಮಗಳು ಅಳಿಯನ ಮನೆಯ ಕೆಳಗಿನ ಕೋಣೆ, ಆಸ್ಪತ್ರೆಯ ಮಂಚದ ಮೇಲೆ ಒರಗಿ ಕೂತು ಪೊಲೀಸಿನವರ ಮುಂದೆ ಸ್ವಂತ ಬಾಯಿಂದ ಹೇಳಿ ಬರೆಸುತ್ತಿರುವುದೇನೆಂದರೆ:

ಒಣಗಿಸುವ ಕೋಣೆ ನೆಲಮಾಳಿಗೆಯಲ್ಲಿದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅಲ್ಲಿರುವುದು ನಾನೊಬ್ಬಳೇ. ಮೊದಲು ಇಬ್ಬರಿದ್ದೆವು. ಜೊತೆಗಾತಿಯನ್ನು ಇಸ್ತ್ರಿ ಕಡೆಗೆ ಹಾಕಿದ ಮೇಲೆ, ಒಂಟಿಯಾಗಿ ಕೆಲಸ ಮಾಡುವವರಿಗೆ ಏನೂ ಆಗಬಾರದು ಎಂದು ಕೊರಳಿಗೆ ಹಾಕಿಕೊಳ್ಳುವ, ಬೆಂಕಿಪೊಟ್ಟಣದಷ್ಟಿರುವ ಒಂದು ಯಂತ್ರ ಕೊಟ್ಟರು. ನಾವು ಅದನ್ನು ತಾಯತ ಅನ್ನುತ್ತೇವೆ. ಎರಡು ನಿಮಿಷ ಅಲುಗಾಡದಿದ್ದರೆ ಅದು ಕೂಗುತ್ತದೆ. ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ. ಒತ್ತದಿದ್ದರೆ ಮೇಲಿನ ಆಫೀಸಿನ ಕಂಪ್ಯೂಟರಿನಲ್ಲಿ ಕೆಂಪು ಬರುತ್ತದೆ. ಅಲ್ಲಿ ಕೂತವರು ಕೂಡಲೇ ಫೋನು ಮಾಡಬೇಕು, ಎತ್ತದಿದ್ದರೆ ಓಡಿ ಬರಬೇಕು. ಅಲ್ಲಿ ಕೂರುವವರು ನನ್ನ ಅಳಿಯಂದಿರು.

ಮಧ್ಯಾಹ್ನ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಹತ್ತು ಹದಿನೈದು ನಿಮಿಷ ದೇವರನ್ನು ನೆನೆಯುವುದು ನನಗೆ ಚಿಕ್ಕಂದಿನಿಂದ ಬಂದದ್ದು. ಹಾಗೆ ಕೂತಾಗಲೆಲ್ಲ ತಾಯತ ಬಡಕೊಳ್ಳುತ್ತಿತ್ತು. ಮೊದಲ ವಾರದಲ್ಲೇ ಅಳಿಯಂದಿರು ಎರಡು ಸಲ ಮೆಟ್ಟಿಲಿಳಿದು ಓಡಿ ಬಂದರು. ಎರಡನೇ ಸಲ ಏದುಸಿರು ಬಿಡುತ್ತಾ, ಅತ್ತೆ, ನೀವು ಇಲ್ಲಿ ಕೈ ಮುಗಿದರೆ ನನಗೆ ಅಲ್ಲಿ ಜೀವ ಬಾಯಿಗೆ ಬರುತ್ತೆ ಅಂತ ನಕ್ಕರು. ಹಾಗಾದರೆ ಒಂದು ಕಣ್ಣು ಬಿಟ್ಟುಕೊಂಡು ಬೇಡಿಕೊಳ್ಳಲಾ ಅಂತ ನಾನು ಕೇಳಿದೆ. ಅದೆಲ್ಲ ಬೇಡ, ನೀವು ನೆಮ್ಮದಿಯಾಗಿ ಕೂತ್ಕೊಳ್ಳಿ, ಆ ಹೊತ್ತಿಗೆ ಕೆಂಪು ಬಂದರೆ ನಮ್ಮ ಅತ್ತೆದೇ ಅಂತ ನಾನೇ ಮೇಲಿಂದ ಸರಿ ಅಂತ ಒತ್ತಿಬಿಡ್ತೀನಿ, ತಾಯತ ಸುಮ್ಮನಾಗುತ್ತೆ ಅಂದರು. ಅಂಥ ಅಳಿಯ ಸಿಕ್ಕಿದ್ದಕ್ಕೆ ಆವತ್ತು ದೇವರಿಗೆ ಒಂದು ನಮಸ್ಕಾರ ಹೆಚ್ಚಿಗೆ ಹಾಕಿದೆ.

ಇದೇ ತಿಂಗಳ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆಗೆ ಮೂರನೇ ಯಂತ್ರದ ಹಿಂದೆ ಕಟ್ಟಿಕೊಂಡ ನೂಲಿನ ಧೂಳು ತೆಗೆಯಲು ಹೋದೆ. ಯಂತ್ರಕ್ಕೂ ಗೋಡೆಗೂ ನಡುವೆ ಒಂದಡಿ ಸಂದು. ಅದರ ಬಾಯಲ್ಲಿ ಮಂಡಿಯೂರಿ, ಬಲಗೈಯನ್ನು ಭುಜದವರೆಗೆ ಒಳಗೆ ಚಾಚಿದ್ದೆ. ಆಗ ಒದ್ದೆ ಬಟ್ಟೆ ತುಂಬಿದ್ದ ಕಬ್ಬಿಣದ ತಳ್ಳುಗಾಡಿ ಇಳಿಜಾರಿನಲ್ಲಿ ತಾನಾಗಿ ಉರುಳಿ ಬಂದು ಬೆನ್ನಿಗೆ ಗುದ್ದಿ, ನನ್ನನ್ನು ಸಂದಿನೊಳಕ್ಕೆ ಒತ್ತಿ ನಿಂತಿತು. ಅದರ ಚಕ್ರದ ತಡೆ ಸವೆದಿದೆ ಎಂದು ಕಾರ್ಖಾನೆಯವರಿಗೆ ಮೊದಲೇ ಹೇಳಿದ್ದೆ. ನೋಡೋಣ ಅಂದಿದ್ದರು.

ಬಲಗೈ ಬಿಸಿಗಾಳಿ ಹೋಗುವ ಕೊಳವೆಗೆ ಒತ್ತಿಕೊಂಡಿತು. ಎಡಗೈ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತು. ತಾಯತ ನನ್ನ ಎದೆಗೂ ಗೋಡೆಗೂ ನಡುವೆ ಇತ್ತು. ಸಹಾಯ ಕರೆಯಲು ಅದರಲ್ಲಿ ಬೇರೆ ಗುಂಡಿ ಇಲ್ಲ. ಫೋನು ಊಟದ ಚೀಲದಲ್ಲಿತ್ತು. ಕಿರುಚಿದೆ. ನಾಲ್ಕು ಯಂತ್ರ ತಿರುಗುವಾಗ ಅಲ್ಲಿ ನನ್ನ ದನಿ ನನಗೇ ಕೇಳುವುದಿಲ್ಲ.

ಕೈ ಸುಡುತ್ತಿದ್ದರಿಂದ ಮೈ ತಾನಾಗಿ ಒದ್ದಾಡುತ್ತಿತ್ತು. ಒದ್ದಾಡಿದಷ್ಟೂ ತಾಯತದ ಲೆಕ್ಕದಲ್ಲಿ ನಾನು ಚೆನ್ನಾಗಿ ಕೆಲಸ ಮಾಡುತ್ತಿದ್ದೇನೆ. ಅದು ಕೂಗಬೇಕಾದರೆ ನಾನು ಕಲ್ಲಾಗಬೇಕು. ಹಲ್ಲು ಕಚ್ಚಿ, ಉಸಿರನ್ನೂ ಮೆಲ್ಲಗೆ ಬಿಡುತ್ತಾ, ಸುಡುವ ಕೈಯನ್ನು ಸುಡಲು ಬಿಟ್ಟು, ದೇವರ ಹೆಸರು ಹೇಳಿಕೊಂಡು ಅಲುಗಾಡದೆ ಇದ್ದೆ. ತಾಯತ ಕೂಗಿತು. ಸ್ವಲ್ಪ ಹೊತ್ತಿಗೆ ನಿಂತಿತು. ಬರುತ್ತಿದ್ದಾರೆ ಎಂದುಕೊಂಡೆ. ಯಾರೂ ಬರಲಿಲ್ಲ. ಆಗ ತಿಳಿಯಿತು, ಅದು ನಾನು ದಿನಾ ಕಣ್ಣು ಮುಚ್ಚುವ ಹೊತ್ತು.

ಎರಡನೇ ಸಲ ಹಾಗೇ ಇದ್ದೆ. ಕೂಗಿತು, ನಿಂತಿತು. ಮೂರನೇ ಸಲ ನಾನು ದೇವರಲ್ಲಿ ಕೇಳಿಕೊಂಡದ್ದು ನನ್ನ ಜೀವವನ್ನಲ್ಲ. ಮೇಲೆ ಕೂತು ಸರಿ ಒತ್ತುವ ಆ ಮಗುವಿನ, ನನ್ನ ಅಳಿಯನ, ಬೆರಳು ಒಂದು ಗಳಿಗೆ ತಡೆಯಲಿ ಎಂದು. ಕೂಗಿತು. ನಿಂತಿತು. ಆಮೇಲೆ ಅಲುಗಾಡದೆ ಇರುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ.

ಎರಡು ಗಂಟೆಗೆ ಬಟ್ಟೆ ಒಯ್ಯಲು ಬಂದ ವ್ಯಾನಿನ ಡ್ರೈವರು, ಗಾಡೀನ ಇಲ್ಲಿ ತಂದು ನಿಲ್ಲಿಸಿದ ಮಹಾನುಭಾವ ಯಾರಪ್ಪಾ ಅಂತ ಬೈಯುತ್ತಾ ಎಳೆದಾಗ ನನ್ನ ಕಾಲು ಕಂಡಿತಂತೆ. ನನ್ನನ್ನು ಹೊರಗೆ ತೆಗೆದು ಕೊರಳಿನಿಂದ ತಾಯತ ಬಿಚ್ಚಿದವರು ಅವರೇ. ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಬುಧವಾರ ಕಾರ್ಖಾನೆಯ ಮ್ಯಾನೇಜರು ಬಂದು, ನೀವು ತಾಯತವನ್ನು ಬಿಚ್ಚಿ ಮೊಳೆಗೆ ಹಾಕಿ ದೇವರಿಗೆ ಕೂತಿದ್ದಿರಿ, ಎದ್ದ ಮೇಲೆ ಹಾಕಿಕೊಳ್ಳಲು ಮರೆತಿರಿ, ಹಾಗಂತ ಹೇಳಿ, ನಿಮ್ಮ ಅಳಿಯನ ಕೆಲಸಕ್ಕೆ ಏನೂ ಆಗಲ್ಲ ಅಂದರು. ಅವರು ಹೋದ ಮೇಲೆ ಮಗಳು ತಲೆದಿಂಬು ಸರಿಮಾಡುತ್ತಾ, ಅಮ್ಮಾ, ನಿನ್ನ ಕೈಯಂತೂ ಹೋಯ್ತು, ನನ್ನ ಸಂಸಾರಾನಾದ್ರೂ ಉಳಿಸು ಅಂದಳು. ಅಳಿಯಂದಿರು ಕಾಲ ಬಳಿ ನಿಂತಿದ್ದರು. ಮೂರನೇ ಸಲವೂ ಅನುಮಾನ ಬರಲಿಲ್ಲವಾ ಎಂದು ಕೇಳಿದೆ. ಅತ್ತೆ ಇವತ್ತು ತುಂಬಾ ಹೊತ್ತು ಕೂತಿದ್ದಾರೆ, ನಮಗೋಸ್ಕರ ಏನೋ ಬೇಡಿಕೊಳ್ತಿರಬೇಕು ಅಂದುಕೊಂಡೆ ಅಂತ ಹೇಳಿ ಅತ್ತರು. ಅವರು ಹೇಳಿದ್ದು ಸುಳ್ಳಲ್ಲ. ನನಗೆ ಅವರ ಮೇಲೆ ಸಿಟ್ಟೂ ಇಲ್ಲ. ಮ್ಯಾನೇಜರು ಹೇಳಿದಂತೆಯೇ ಹೇಳಿಬಿಡೋಣ ಎಂದು ಆ ರಾತ್ರಿ ಮನಸ್ಸು ಮಾಡಿದ್ದೆ.

ನಿನ್ನೆ ಗುರುವಾರ ಜೊತೆಗಾತಿ ನೋಡಲು ಬಂದಳು. ನನ್ನ ಜಾಗಕ್ಕೆ ಅವಳೊಬ್ಬಳನ್ನೇ ಹಾಕಿದ್ದಾರೆ. ಗಾಡಿ ಅದೇ. ಅವಳು ಕೊರಳಿನ ತಾಯತ ಎತ್ತಿ ತೋರಿಸಿ, ಅಕ್ಕಾ, ನೀನು ಇದನ್ನ ಬಿಚ್ಚಿಟ್ಟಿದ್ದಕ್ಕೇ ಹೀಗಾಯ್ತಂತೆ, ನಾನಂತೂ ಮೈಮೇಲಿಂದ ತೆಗೆಯಲ್ಲಪ್ಪ, ನನಗೇನೂ ಆಗಲ್ಲ ಅಂತ ಧೈರ್ಯವಾಗಿ ನಕ್ಕಳು. ಅದನ್ನು ಕೇಳಿದ ಮೇಲೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ತಾಯತ ನನ್ನ ಕೊರಳಲ್ಲೇ ಇತ್ತು. ಮೂರು ಸಲ ಕೂಗಿತು. ಮೂರು ಸಲವೂ ಮೇಲಿನಿಂದ ಆರಿಸಿದರು.

ಬರೆದದ್ದನ್ನು ಓದಿ ಹೇಳಿದ್ದಾರೆ, ಕೇಳಿಸಿಕೊಂಡಿದ್ದೇನೆ. ದೇವರ ಮುಂದೆ ಹೇಗೆ ಹೇಳುತ್ತಿದ್ದೆನೋ ಹಾಗೇ ಹೇಳಿದ್ದೇನೆ, ಸೇರಿಸಿದ್ದೂ ಇಲ್ಲ, ಬಿಟ್ಟಿದ್ದೂ ಇಲ್ಲ. ಮಗಳು ಬಾಗಿಲಾಚೆ ನಿಂತಿದ್ದಾಳೆ. ಇದನ್ನು ಅವಳಿಗೆ ಪೊಲೀಸಿನವರು ತಿಳಿಸುವುದು ಬೇಡ. ನಾನೇ ಹೇಳುತ್ತೇನೆ.

ಸ್ಥಳ: ಆಸ್ಪತ್ರೆ, ಹೆಂಗಸರ ವಾರ್ಡು
ದಿನಾಂಕ: ಇದೇ ತಿಂಗಳ ಹದಿನಾಲ್ಕು, ಶುಕ್ರವಾರ
ಬಲಗೈಗೆ ಕಟ್ಟು ಹಾಕಿರುವುದರಿಂದ ಸಹಿಯ ಬದಲು ಎಡಗೈ ಹೆಬ್ಬೆಟ್ಟು